ಗೇಟಿನ ಎದುರಿನ ಸೈಕಲ್ ಅಂಗಡಿ

ಪ್ರೀತಿಯ ರಕ್ಷಕರೇ, ನಮಸ್ಕಾರ.

ಕಳೆದ ಸೋಮವಾರದಿಂದ ನಮ್ಮ ಶಾಲೆಯ ಗೇಟಿನ ಎದುರಿನ ಸೈಕಲ್ ಅಂಗಡಿ ಮುಚ್ಚಿದೆ. ಅದನ್ನು ನಡೆಸುತ್ತಿದ್ದ ಮಿಲಿಟ್ರಿ ಅಜ್ಜ ತೀರಿಕೊಂಡ ವಿಷಯ ನಿಮಗೆಲ್ಲ ಗೊತ್ತು. ಮಕ್ಕಳು ಮಾತ್ರ ಇನ್ನೂ ಬಿಡುವಿನಲ್ಲಿ ಗೇಟಿನವರೆಗೆ ಹೋಗಿ ಆ ಕಡೆ ನೋಡಿ ಬರುತ್ತಾರೆ. ಎರಡನೇ ಕ್ಲಾಸಿನ ಒಬ್ಬಳು, "ಅಜ್ಜ ನಾಳೆ ಬರ್ತಾರಾ ಟೀಚರ್?" ಎಂದು ಕೇಳಿದಳು. ಏನು ಹೇಳುವುದೆಂದು ತೋಚದೆ ಅವಳನ್ನು ಹತ್ತಿರ ಕೂರಿಸಿಕೊಂಡೆ. ಮನೆಯಲ್ಲಿ ನಿಮ್ಮನ್ನೂ ಕೇಳಬಹುದು. ದಯವಿಟ್ಟು ನಿಜವನ್ನೇ ಹೇಳಿ. ಎಲ್ಲಿಗೋ ಹೋಗಿದ್ದಾರೆ, ಬರುತ್ತಾರೆ ಅಂದರೆ ಮಕ್ಕಳು ಕಾಯುತ್ತಾರೆ.

ನಿಮ್ಮಲ್ಲಿ ಜಾಸ್ತಿ ಜನ ಅವರ ಬಾಡಿಗೆ ಸೈಕಲ್ಲಿನಲ್ಲೇ ಕಲಿತವರು ಅಲ್ವಾ? ನಾನೂ ಹಾಗೆಯೇ. ಕಾಸರಗೋಡು ಜಿಲ್ಲೆಯಾದ 1984ರಲ್ಲೇ ಅವರು ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದು, ಐದು ಸೈಕಲ್ ಇಟ್ಟು ಅಂಗಡಿ ಶುರು ಮಾಡಿದರು. ಸೈಕಲ್ ಕೈಗೆ ಕೊಡುವ ಮೊದಲು ಎರಡೂ ಬ್ರೇಕ್ ಹಿಡಿದು ನೋಡುತ್ತಿದ್ದರು. ಟೈರಿಗೆ ಹೆಬ್ಬೆರಳು ಒತ್ತುತ್ತಿದ್ದರು. ಚೈನನ್ನು ಒಂದು ಸುತ್ತು ತಿರುಗಿಸುತ್ತಿದ್ದರು. ಅಷ್ಟು ಹೊತ್ತೂ ನಾವು ಕಾಲು ಕುಣಿಸುತ್ತ ನಿಲ್ಲಬೇಕಿತ್ತು. ಅವರು ಸೇನೆಯಲ್ಲಿ ಲಾರಿ ಓಡಿಸಿದವರು. ಹೊರಡುವ ಮೊದಲು ಬಂಡಿ ನೋಡುವ ಅಲ್ಲಿನ ಅಭ್ಯಾಸವೇ ಇದು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಮನೆಮನೆಗೆ ಬೈಕ್ ಬಂತು, ಬಾಡಿಗೆ ನಿಂತಿತು. ಆಮೇಲೆ ಪಂಕ್ಚರ್ ಕೆಲಸ, ಜೊತೆಗೆ ಪೆನ್ನು, ನೋಟ್‌ಬುಕ್, ಕಡ್ಲೆ ಮಿಠಾಯಿ.

1971ರ ಯುದ್ಧದಲ್ಲಿ ಅವರು ಪೂರ್ವದ ಕಡೆ ಇದ್ದರು. ಡಿಸೆಂಬರ್ 3ಕ್ಕೆ ಶುರುವಾದ ಯುದ್ಧ 16ಕ್ಕೆ ಢಾಕಾದಲ್ಲಿ ಮುಗಿಯಿತು. ಪಾಕಿಸ್ತಾನದ ಸುಮಾರು 93,000 ಮಂದಿ ಸೆರೆಯಾದರು, ಬಾಂಗ್ಲಾದೇಶ ಹುಟ್ಟಿತು. ಪಾಠ ಮಾಡುವಾಗ ನಾವು ಇಷ್ಟು ಹೇಳುತ್ತೇವೆ. ಅಜ್ಜ ನಮ್ಮ ಶಾಲೆಗೆ ಬಂದು ಹೇಳಿದ್ದು ಬೇರೆ. ಎರಡು ವರ್ಷದ ಹಿಂದೆ ಏಳನೇ ಕ್ಲಾಸಿನ ಹುಡುಗನೊಬ್ಬ, "ಅಜ್ಜ, ನೀವು ಎಷ್ಟು ಜನರನ್ನು ಕೊಂದಿದ್ದೀರಿ?" ಎಂದು ಕೇಳಿಬಿಟ್ಟ. ನನ್ನ ಎದೆ ಧಸಕ್ ಎಂದಿತು. ಅವರು ಬೇಸರ ಮಾಡಲಿಲ್ಲ. "ನಾನು ಅಕ್ಕಿ, ಡೀಸೆಲ್, ಮದ್ದುಗುಂಡು ಹೊತ್ತ ಲಾರಿ ಓಡಿಸಿದವ ಮಗಾ" ಎಂದರು. ರಾತ್ರಿ ಲೈಟ್ ಹಾಕದೆ ಮುಂದಿನ ಲಾರಿಯನ್ನೇ ನೋಡಿಕೊಂಡು ಹೋಗಬೇಕಿತ್ತಂತೆ. ಸೇತುವೆ ಮುರಿದಲ್ಲಿ ತೇಲುವ ಸೇತುವೆ ಕಟ್ಟುವವರೆಗೆ ಕಾಯಬೇಕಿತ್ತಂತೆ. ಮೇಘನಾ ನದಿ ನೋಡಿ ಬಂದ ಮೇಲೆ ನಮ್ಮ ಚಂದ್ರಗಿರಿ ಹೊಳೆ ಒಂದು ತೋಡಿನ ಹಾಗೆ ಕಂಡಿತಂತೆ.

ಜಾಸ್ತಿ ಹೊತ್ತು ಹೇಳಿದ್ದು ರಸ್ತೆ ಬದಿಯ ಜನರ ಬಗ್ಗೆ. ಆ ವರ್ಷ ಸುಮಾರು ಒಂದು ಕೋಟಿ ಮಂದಿ ಗಡಿ ದಾಟಿ ಭಾರತಕ್ಕೆ ಬಂದಿದ್ದರು. ಯುದ್ಧ ಮುಗಿದ ಮೇಲೆ ಚಾಪೆ, ಪಾತ್ರೆ, ನಡೆಯಲಾಗದ ಮುದುಕಿಯರನ್ನು ಹೊತ್ತುಕೊಂಡು ಅವರು ವಾಪಸು ಹೋಗುವುದನ್ನು ಅಜ್ಜ ನೋಡಿದ್ದರು. ಒಬ್ಬ ಮನೆ ಸಾಮಾನೆಲ್ಲ ಸೈಕಲ್ಲಿಗೆ ಕಟ್ಟಿ ತಳ್ಳಿಕೊಂಡು ಬರುತ್ತಿದ್ದ, ಟೈರಿನಲ್ಲಿ ಗಾಳಿ ಇಲ್ಲ. ಲಾರಿಗಳು ಸಾಲಾಗಿ ನಿಂತಿದ್ದ ಹೊತ್ತಿನಲ್ಲಿ ಇಳಿದು ಟ್ಯೂಬಿಗೆ ಪ್ಯಾಚ್ ಹಾಕಿಕೊಟ್ಟರಂತೆ. "ನನ್ನ ಮೊದಲ ಪಂಕ್ಚರ್ ಅದು" ಎಂದು ಹೇಳಿ ಸುಮ್ಮನಾದರು. ಪ್ರಶ್ನೆ ಕೇಳಿದ ಹುಡುಗ ಆಮೇಲೆ ದಿನಾ ಸಂಜೆ ಅಂಗಡಿಯಲ್ಲೇ ಇರುತ್ತಿದ್ದ. ಪಂಕ್ಚರ್ ಹಾಕಲು ಅವನಿಗೆ ಈಗ ಚೆನ್ನಾಗಿ ಬರುತ್ತದೆ.

ಸಾಲದ ಪುಸ್ತಕದ ಬಗ್ಗೆ ಕೆಲವರು ಕೇಳಿದ್ದೀರಿ. ಮೊನ್ನೆ ಅಜ್ಜಿಯನ್ನು ನೋಡಲು ಹೋಗಿದ್ದೆ. ಮಕ್ಕಳ ಲೆಕ್ಕ ಬೇಡ ಎಂದು ಅಜ್ಜ ಹೇಳಿಟ್ಟಿದ್ದರಂತೆ. ದೊಡ್ಡವರ ಬಾಕಿ ಇದ್ದರೆ ದಯವಿಟ್ಟು ಮನೆಗೇ ಹೋಗಿ ಕೊಟ್ಟು, ಸ್ವಲ್ಪ ಹೊತ್ತು ಕೂತು ಬನ್ನಿ. ಅಜ್ಜಿ ಈಗ ಒಬ್ಬರೇ.

ಡಿಸೆಂಬರ್ 16ರಂದು ಬೆಳಿಗ್ಗೆ 10 ಗಂಟೆಯ ಅಸೆಂಬ್ಲಿಯಲ್ಲಿ ಅವರನ್ನು ನೆನೆಯುತ್ತೇವೆ. ಭಾಷಣ ಬೇಡ. ಅವರ ಸೈಕಲ್ಲಿನಲ್ಲಿ ಕಲಿತವರು ಬಂದು ಮಕ್ಕಳ ಹತ್ತಿರ ಎರಡು ಮಾತು ಆಡಿ. ಕನ್ನಡ, ತುಳು, ಮಲಯಾಳ, ಯಾವುದಾದರೂ ಆಗುತ್ತದೆ. ಅಜ್ಜ ಮೂರರಲ್ಲೂ ಮಾತಾಡುತ್ತಿದ್ದರು.

ಉಳಿದಿದ್ದ ಎರಡು ಸೈಕಲ್ ಮತ್ತು ಗಾಳಿ ಪಂಪನ್ನು ಅಜ್ಜಿ ಶಾಲೆಗೆ ಕೊಟ್ಟಿದ್ದಾರೆ. ಒಂದರ ಹಿಂದಿನ ಬ್ರೇಕ್ ಹಿಡಿಯುತ್ತಿಲ್ಲ. ರಿಪೇರಿ ಗೊತ್ತಿರುವವರು ಯಾರಾದರೂ ಅರ್ಧ ಗಂಟೆ ಮೊದಲೇ ಬಂದರೆ ದೊಡ್ಡ ಉಪಕಾರ. ಅದು ಸರಿಯಾಗುವವರೆಗೆ ಆ ಸೈಕಲ್ಲನ್ನು ಯಾವ ಮಗುವಿನ ಕೈಗೂ ಕೊಡುವುದಿಲ್ಲ.

ನಿಮ್ಮ,
ಮುಖ್ಯೋಪಾಧ್ಯಾಯಿನಿ