ರಕ್ತ ನಿಲ್ಲಿಸುವ ಕೆಲಸವನ್ನು ನರ್ಸ್ ಕೈಗೆ ಕೊಡಿ: ಆರೋಗ್ಯ ಸಚಿವರಿಗೆ ಮಂಡ್ಯದಿಂದ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ ಸರ್.

ನಾನು ಮದ್ದೂರು ತಾಲ್ಲೂಕಿನವಳು. ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ ಅಧಿಕಾರಿಯಾಗಿದ್ದು, ನಿವೃತ್ತಿಯಾದ ಮೇಲೆ ಊರಿಗೆ ಬಂದಿದ್ದೇನೆ. ಊರಿನವರ ಬಾಯಲ್ಲಿ ಮಾತ್ರ ಇನ್ನೂ 'ಮಿಲ್ಟ್ರಿ ಸಿಸ್ಟರಮ್ಮ'. ಸರ್ವಿಸ್‌ನ ಬಹುಪಾಲು ಕಳೆದದ್ದು ಆಪರೇಷನ್ ಥಿಯೇಟರಿನಲ್ಲಿ, ಅನಸ್ತೇಷಿಯಾ (ಅರಿವಳಿಕೆ) ಡಾಕ್ಟರ ಪಕ್ಕದಲ್ಲಿ. ಅದರಲ್ಲಿ ಒಂದಷ್ಟು ವರ್ಷ ಕಾಶ್ಮೀರದಲ್ಲಿ. ಪೆನ್ಷನ್ನಿಗೋ ಸೈಟಿಗೋ ಅರ್ಜಿ ಹಾಕುತ್ತಿದ್ದೇನೆ ಅಂದುಕೊಳ್ಳಬೇಡಿ, ಅದಕ್ಕೆ ಬೇರೆ ಕಚೇರಿ ಇದೆ.

ನಾನು ಕೇಳುವುದು ಒಂದೇ. ಬೆಂಗಳೂರು–ಮೈಸೂರು ಹೆದ್ದಾರಿಯ ಅಕ್ಕಪಕ್ಕದ ತಾಲ್ಲೂಕು ಆಸ್ಪತ್ರೆಗಳಿಗೆ ಯಾರಾದರೂ ರಕ್ತ ಸುರಿಸಿಕೊಂಡು ಬಂದರೆ, ಮೊದಲ ಹತ್ತು ನಿಮಿಷದಲ್ಲಿ ಆಗಬೇಕಾದ್ದನ್ನು ಡ್ಯೂಟಿಯಲ್ಲಿರುವ ಸ್ಟಾಫ್ ನರ್ಸ್ ತಾನೇ ಮಾಡುವ ಹಾಗಿರಬೇಕು. ಅದಕ್ಕೆ ತರಬೇತಿ ಕೊಡಿ, ಸಾಮಾನು ಕೊಡಿ, ಮಾಡಬಹುದು ಅಂತ ಕಾಗದದ ಮೇಲೆ ಬರೆದುಕೊಡಿ. ಟ್ರಾಮಾ ಸೆಂಟರ್ ಬೇಡ ಅನ್ನುತ್ತಿಲ್ಲ. ಕಟ್ಟಿ. ಆದರೆ ಗುದ್ದಲಿ ಪೂಜೆಯಿಂದ ಉದ್ಘಾಟನೆಯ ತನಕ ಎಷ್ಟು ವರ್ಷ ಹಿಡಿಯುತ್ತದೆ ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಸೇನೆಯಲ್ಲಿ ಏನು ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ಹೇಳುತ್ತೇನೆ. ನಮ್ಮ ಸೇನೆಯಲ್ಲಿ ಅರಿವಳಿಕೆ ಕೊಡುವವರು ಡಾಕ್ಟರೇ, ನರ್ಸ್ ಅಲ್ಲ. ಅಮೆರಿಕದ ಸೇನೆಯಲ್ಲಿ ಹಾಗಲ್ಲ. ಅಲ್ಲಿ ಅರಿವಳಿಕೆಯನ್ನೇ ವರ್ಷಗಟ್ಟಲೆ ಓದಿದ ನರ್ಸ್‌ಗಳಿದ್ದಾರೆ. ಮೊದಲ ಮಹಾಯುದ್ಧದಲ್ಲೇ ಫ್ರಾನ್ಸಿನ ಆಸ್ಪತ್ರೆಗಳಲ್ಲಿ ಅಮೆರಿಕದ ನರ್ಸ್‌ಗಳು ಗಾಯಾಳುಗಳಿಗೆ ಅರಿವಳಿಕೆ ಕೊಡುತ್ತಿದ್ದರು. ಇರಾಕ್, ಅಫ್ಘಾನಿಸ್ತಾನದ ಮುಂಚೂಣಿಗೆ ಹೋಗುತ್ತಿದ್ದ 20 ಜನರ ಸರ್ಜಿಕಲ್ ತಂಡದಲ್ಲಿ ಅರಿವಳಿಕೆಯ ಹೊಣೆ ಇಬ್ಬರು ನರ್ಸ್‌ಗಳದು. ನಾನು ಅಷ್ಟು ದೂರ ಹೋಗುತ್ತಿಲ್ಲ. ಡಾಕ್ಟರ ಪಕ್ಕದಲ್ಲಿ ನಿಂತ ನರ್ಸ್‌ಗೆ ಎಷ್ಟು ಕೆಲಸ ಕಲಿಸಬಹುದು, ಎಷ್ಟನ್ನು ನಂಬಿ ಬಿಡಬಹುದು ಅನ್ನುವುದು ಮಾತ್ರ ನನಗೆ ಗೊತ್ತಿರುವ ವಿಷಯ.

ಹೆಲಿಕಾಪ್ಟರ್ ಬರುತ್ತಿದೆ ಅಂತ ಫೋನ್ ಬಂದ ತಕ್ಷಣ ನಾವು ಮೊದಲು ಹಾಕುತ್ತಿದ್ದದ್ದು ಹೀಟರ್. ಗೌನಿನೊಳಗೆ ನಾವು ಬೆವರಬೇಕು, ಥಿಯೇಟರ್ ಅಷ್ಟು ಬಿಸಿಯಾಗಬೇಕು. ಆಮೇಲೆ ಬಾಯಲ್ಲಿ ತುಂಬಿದ ರಕ್ತ, ಕಫ ಹೀರುವ ಸಕ್ಷನ್ ಎಳೆಯುತ್ತಿದೆಯಾ, ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ಬಲ್ಬ್ ಉರಿಯುತ್ತಿದೆಯಾ ಅಂತ ನೋಡುವುದು. ಉಸಿರಿಗೆ ಹಾಕುವ ಟ್ಯೂಬ್ ಎರಡು ಅಳತೆಯದು ಬಿಚ್ಚಿಡುವುದು. ಸಿರಿಂಜುಗಳಿಗೆ ಔಷಧ ಎಳೆದು ಹೆಸರು ಅಂಟಿಸುವುದು. ಗಾಯಾಳು ಬಂದಾಗ ಬಾಗಿಲಲ್ಲೇ ಜೇಬು ತಡಕಬೇಕು, ಗ್ರೆನೇಡೋ ಮ್ಯಾಗಜೀನೋ ಉಳಿದಿರಬಹುದು. ಅದಾದ ಮೇಲೆ ಕತ್ತರಿ. ಬೂಟಿನಿಂದ ಕಾಲರ್ ತನಕ ಬಟ್ಟೆ ಕತ್ತರಿಸಿ ತೆಗೆಯುವುದು.

ಒಬ್ಬ ಹುಡುಗ ಇನ್ನೂ ಚೆನ್ನಾಗಿ ನೆನಪಿದ್ದಾನೆ. ಮರಾಠಾ ಲೈಟ್ ಇನ್‌ಫಂಟ್ರಿಯವನು, ಬೆಳಗಾವಿ ಕಡೆಯವನು. ನೆಲಬಾಂಬಿಗೆ ಮೊಣಕಾಲಿನ ಕೆಳಗೆ ಏನೂ ಉಳಿದಿರಲಿಲ್ಲ. ತೊಡೆಯ ಮೇಲ್ಭಾಗದಲ್ಲಿ ಟೂರ್ನಿಕೆಟ್, ಅಂದರೆ ರಕ್ತ ನಿಲ್ಲಿಸುವ ಪಟ್ಟಿ, ಬಿಗಿದಿತ್ತು. ಪಟ್ಟಿಯ ಮೇಲೆ ಎಷ್ಟು ಗಂಟೆಗೆ ಕಟ್ಟಿದ್ದು ಅಂತ ಪೆನ್ನಿನಲ್ಲಿ ಬರೆದಿತ್ತು. ಕಟ್ಟಿದವನು ಡಾಕ್ಟರಲ್ಲ, ನರ್ಸೂ ಅಲ್ಲ. ಅವರ ಪಲ್ಟನ್ನಿನ ನರ್ಸಿಂಗ್ ಅಸಿಸ್ಟೆಂಟ್, ಅಂದರೆ ತರಬೇತಿ ಪಡೆದ ಒಬ್ಬ ಸೈನಿಕ. ಆ ಪಟ್ಟಿ ಇರದಿದ್ದರೆ ನಮ್ಮ ಥಿಯೇಟರಿನ ಅಷ್ಟೂ ತಯಾರಿ ದಂಡ.

ಬಿಪಿ ನೆಲ ಕಚ್ಚಿತ್ತು. ಡಾಕ್ಟರು ಅರಿವಳಿಕೆಗೆ ಕೆಟಮಿನ್ ಅಂದರು, ಅದೂ ಕಡಿಮೆ ಡೋಸ್. ಇಂಥ ಹೊತ್ತಲ್ಲಿ ಬೇರೆ ಔಷಧ ಕೊಟ್ಟರೆ ಇರುವ ಬಿಪಿಯೂ ಕುಸಿಯಬಹುದು. ಕೆಟಮಿನ್ ಅಷ್ಟು ಕುಸಿಯಲು ಬಿಡುವುದಿಲ್ಲ, ಉಸಿರನ್ನೂ ಸುಲಭಕ್ಕೆ ನಿಲ್ಲಿಸುವುದಿಲ್ಲ. 1970ರಲ್ಲಿ ಬಳಕೆಗೆ ಅನುಮತಿ ಸಿಕ್ಕಿ ವಿಯೆಟ್ನಾಂ ಯುದ್ಧದಲ್ಲಿ ಹೆಸರು ಮಾಡಿದ ಔಷಧ ಅದು. ಕೊಟ್ಟ ಮೇಲೆ ಕಣ್ಣು ತೆರೆದೇ ಇರುತ್ತದೆ, ಗುಡ್ಡೆ ಆಚೆ ಈಚೆ ಓಡುತ್ತದೆ, ಮನುಷ್ಯ ಮಾತ್ರ ಅಲ್ಲಿ ಇರುವುದಿಲ್ಲ. ಆ ಹುಡುಗ ಮಂಪರಿನಲ್ಲಿ, "ಎತ್ತಿಗೆ ನೀರ್ ಕುಡಿಸೀರೇನ್ರೀ?" ಅಂದ. ಥಿಯೇಟರಿನಲ್ಲಿ ಕನ್ನಡ ಬರುತ್ತಿದ್ದದ್ದು ನನಗೊಬ್ಬಳಿಗೇ. "ಕುಡಿಸೇವಪ್ಪಾ, ನೀ ಮಲ್ಕೊ" ಅಂದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಾರದ ಹಾಗೆ ಗಂಟಲು ಒತ್ತಿ ಹಿಡಿದೆ, ಡಾಕ್ಟರು ಉಸಿರಿನ ಟ್ಯೂಬ್ ಇಳಿಸಿದರು. ಆಮೇಲೆ ರಾತ್ರಿಯೆಲ್ಲ ರಕ್ತ ಬಿಸಿ ಮಾಡಿ ಏರಿಸುವುದು, ನಡುನಡುವೆ ಕ್ಯಾಲ್ಸಿಯಂ ಕೊಡುವುದು, ಮೈಮೇಲೆ ಕಂಬಳಿ ಸರಿಯದಂತೆ ನೋಡಿಕೊಳ್ಳುವುದು. ಮುಂದೆ ಪುಣೆಯ ಆರ್ಟಿಫಿಷಿಯಲ್ ಲಿಂಬ್ ಸೆಂಟರಿನಲ್ಲಿ ಕಾಲು ಹಾಕಿಸಿಕೊಂಡ ಅಂತ ಕೇಳಿದೆ.

ಕಂಬಳಿಯ ಮಾತು ಸುಮ್ನೆ ಹೇಳಿದ್ದಲ್ಲ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟದಿದ್ದರೆ ಇನ್ನಷ್ಟು ಸೋರುತ್ತದೆ. ಸೋರಿದಷ್ಟೂ ರಕ್ತದಲ್ಲಿ ಆಮ್ಲ ಜಾಸ್ತಿಯಾಗುತ್ತದೆ, ಮೈ ಇನ್ನೂ ತಣ್ಣಗಾಗುತ್ತದೆ. ಈ ಸುಳಿಗೆ ಬಿದ್ದವನನ್ನು ಎಂಥ ಸರ್ಜನ್ನೂ ಎಳೆದು ತರುವುದು ಕಷ್ಟ. ಹಿಮಾಲಯಕ್ಕೇ ಹೋಗಬೇಕಾಗಿಲ್ಲ ಸರ್. ಮಳೆಯಲ್ಲಿ ನೆನೆದ ಬಟ್ಟೆಯಲ್ಲೇ ಫ್ಯಾನ್ ಕೆಳಗೆ ಮಲಗಿಸಿದರೆ ಮಂಡ್ಯದಲ್ಲೂ ಹೀಗೇ ಆಗುತ್ತದೆ.

ಅಮೆರಿಕದ ಸೇನೆ 2001ರಿಂದ 2011ರ ತನಕದ ತನ್ನ 4,596 ಯುದ್ಧದ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತ್ತು. ಶೇ. 87ರಷ್ಟು ಜನ ಆಸ್ಪತ್ರೆ ಮುಟ್ಟುವ ಮೊದಲೇ ಸತ್ತಿದ್ದರು. ಹಾಗೆ ಸತ್ತವರಲ್ಲಿ ಸುಮಾರು ಕಾಲು ಭಾಗದವರನ್ನು ಉಳಿಸಬಹುದಿತ್ತು. ಆ ಕಾಲು ಭಾಗದಲ್ಲಿ ಶೇ. 90ಕ್ಕೂ ಹೆಚ್ಚು ಜನರ ಜೀವ ತೆಗೆದದ್ದು ರಕ್ತಸ್ರಾವ. ಈ ಲೆಕ್ಕ ಓದಿದಾಗೆಲ್ಲ ನನಗೆ ನೆನಪಾಗುವುದು ನಮ್ಮ ರಸ್ತೆ.

2023ರ ಮಾರ್ಚಿನಲ್ಲಿ ಪ್ರಧಾನಿಯವರು ನಮ್ಮ ಮಂಡ್ಯ ಜಿಲ್ಲೆಯಲ್ಲೇ ಆ ಹೆದ್ದಾರಿಯನ್ನು ಉದ್ಘಾಟಿಸಿದರು. ಅದೇ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಇಳಿಸಿದರು. ಕ್ಯಾಮೆರಾ ಬಂತು, ದಂಡ ಬಂತು, ಸಾವು ಇಳಿಯಿತು. ಇದನ್ನು ಒಪ್ಪದಿದ್ದರೆ ತಪ್ಪಾಗುತ್ತದೆ. ಆದರೆ ಬೈಕಿನವರು ಸರ್ವಿಸ್ ರಸ್ತೆಯಲ್ಲಿದ್ದಾರೆ, ಹಿಂದೆ ಒಂದು ರಿಫ್ಲೆಕ್ಟರೂ ಇಲ್ಲದ ಕಬ್ಬಿನ ಗಾಡಿಗಳೂ ಅಲ್ಲೇ ಇವೆ. ಕತ್ತಲಲ್ಲಿ ಹೋಗಿ ಗುದ್ದುವವರ ಕಥೆ ಪ್ರತಿ ಹಂಗಾಮಿನಲ್ಲೂ ಕೇಳುತ್ತೇವೆ.

ರಸ್ತೆಯೊಂದೇ ಅಲ್ಲ, ಆಲೆಮನೆಗಳಿವೆ. ರಾತ್ರಿ ಪಾಳಿ, ನಿದ್ದೆಗಣ್ಣು, ಗಾಣಕ್ಕೆ ಕಬ್ಬು ಕೊಡುವ ಕೈ. ಈಗ ಆ ಕೆಲಸಕ್ಕೆ ಉತ್ತರ ಪ್ರದೇಶ, ಬಿಹಾರದ ಹುಡುಗರೂ ಬರುತ್ತಾರೆ. ಗಾಣಕ್ಕೆ ಸಿಕ್ಕಿ ಜಜ್ಜಿಹೋದ ತೋಳನ್ನೂ ಬಾಂಬಿಗೆ ಸಿಕ್ಕ ಕಾಲನ್ನೂ ನಾನು ನೋಡಿದ್ದೇನೆ. ಮೂಳೆ, ಮಾಂಸ, ಮಣ್ಣು ಒಂದಾಗಿರುತ್ತದೆ, ಎರಡಕ್ಕೂ ಮೊದಲು ಆಗಬೇಕಾದ್ದು ಒಂದೇ ಕೆಲಸ.

ನಮ್ಮ ಜನ ಏನೂ ಮಾಡದೆ ನಿಲ್ಲುವವರಲ್ಲ. ಏನೋ ಒಂದು ಕಟ್ಟುತ್ತಾರೆ. ಹಾವು ಕಚ್ಚಿದವರಿಗೆ ಕಟ್ಟುವ ಅಭ್ಯಾಸದಲ್ಲಿ ಸೆಣಬಿನ ಹುರಿ ಬಿಗಿಯುತ್ತಾರೆ (ಹಾವಿಗೂ ಅದು ಬೇಡ, ಆ ಮಾತು ಇನ್ನೊಮ್ಮೆ). ತೆಳ್ಳನೆ ಹುರಿ ಚರ್ಮ ಕೊಯ್ಯುತ್ತದೆ. ಅರೆಬರೆ ಬಿಗಿದರೆ ರಕ್ತ ವಾಪಸ್ ಹೋಗುವ ನಾಳ ಮಾತ್ರ ಮುಚ್ಚಿ, ಒಳಗಿಂದ ಬರುವುದು ಬರುತ್ತಲೇ ಇರುತ್ತದೆ, ಸೋರುವುದು ಇನ್ನೂ ಜಾಸ್ತಿಯಾಗುತ್ತದೆ. ಅಗಲವಾದ ಟವೆಲ್ ಮಡಚಿ ಗಾಯದ ಮೇಲ್ಗಡೆ ಕಟ್ಟಿ, ಗಂಟಿಗೆ ಒಂದು ಸ್ಪ್ಯಾನರ್ ತೂರಿಸಿ ರಕ್ತ ನಿಲ್ಲುವ ತನಕ ತಿರುಚಬೇಕು. ನೋಯುತ್ತದೆ, ಕಿರುಚುತ್ತಾರೆ. ಕಿರುಚಿದರೂ ಬಿಡಬಾರದು. ಇದನ್ನು ಆಲೆಮನೆಯವರಿಗೆ ಕಲಿಸಲು ಅರ್ಧ ಗಂಟೆ ಸಾಕು.

ಒಂದು ಪ್ರಸಂಗ ಹೇಳುತ್ತೇನೆ. ಆಸ್ಪತ್ರೆಯ ಹೆಸರು ಬೇಡ. ಗಾಣಕ್ಕೆ ಕೈ ಕೊಟ್ಟ ಒಬ್ಬ ಹುಡುಗನ ಜೊತೆ ನಾನೂ ಹೋಗಿದ್ದೆ. ಡ್ಯೂಟಿ ಡಾಕ್ಟರು ಪೋಸ್ಟ್‌ಮಾರ್ಟಂಗೆ ಹೋಗಿದ್ದರು. ಇದ್ದದ್ದು ಒಬ್ಬ ಸಿಸ್ಟರ್, ಚುರುಕಿನ ಹುಡುಗಿ. ಡ್ರಿಪ್ ಹಾಕಿದಳು, ಬ್ಯಾಂಡೇಜ್ ಸುತ್ತಿದಳು, ಅದು ನೆನೆದಾಗ ಅದರ ಮೇಲೆ ಇನ್ನೊಂದು ಸುತ್ತಿದಳು. ರಕ್ತ ಸೋರುವುದನ್ನು ತಡೆಯುವ ಇಂಜೆಕ್ಷನ್, ಟ್ರಾನೆಕ್ಸಾಮಿಕ್ ಆಸಿಡ್ ಕೊಡಮ್ಮಾ ಅಂದೆ. "ಗೊತ್ತು ಮೇಡಂ, ಹೆರಿಗೆ ವಾರ್ಡ್‌ನಲ್ಲಿ ಇದೆ. ಬರ್ಕೊಟ್ಟಿಲ್ವಲ್ಲ. ನಾಳೆ ಏನಾದ್ರೂ ಆದ್ರೆ ನೋಟಿಸ್ ಬರೋದು ನಂಗೆ" ಅಂದಳು. ಡಾಕ್ಟರು ಓಡಿ ಬಂದು ಮೈಸೂರಿಗೆ ರೆಫರ್ ಬರೆದರು. ಹುಡುಗ ಬದುಕಿದ, ಕೈ ಹೋಯಿತು. ಅವಳ ಮೇಲೆ ನನಗೆ ಕೋಪವಿಲ್ಲ. ಅವಳು ಹೇಳಿದ್ದು ನಿಜ.

ಆ ಇಂಜೆಕ್ಷನ್ ಬಗ್ಗೆ ನಿಮ್ಮ ಅಧಿಕಾರಿಗಳನ್ನು ಕೇಳಿ ನೋಡಿ. 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದ ಕ್ರ್ಯಾಶ್-2 ಅಧ್ಯಯನದ ಫಲಿತಾಂಶ 2010ರಲ್ಲೇ ಬಂದಿದೆ. ಭಾರತದ ಆಸ್ಪತ್ರೆಗಳೂ ಅದರಲ್ಲಿದ್ದವು. ಬೇಗ ಕೊಟ್ಟರೆ ಸಾವು ಕಡಿಮೆಯಾಗುತ್ತದೆ. ಮೂರು ಗಂಟೆ ದಾಟಿದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ, ಕೆಡುಕೂ ಆಗಬಹುದು. ಅಂದರೆ ಮೈಸೂರಿಗೆ ಹೋಗಿ, ಚೀಟಿ ಮಾಡಿಸಿ, ಸ್ಕ್ಯಾನ್ ಆದ ಮೇಲೆ ಕೊಡುವ ಔಷಧ ಅಲ್ಲ ಅದು. ಮದ್ದೂರಿನಲ್ಲೋ ಶ್ರೀರಂಗಪಟ್ಟಣದಲ್ಲೋ ಕೊಡಬೇಕಾದ್ದು. ದುಬಾರಿಯೂ ಅಲ್ಲ.

ನಿಮ್ಮ ಇಲಾಖೆಗೆ ಇದು ಹೊಸದೇನಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಏನು ಮಾಡಿದಿರಿ? ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಅವರು ಹೂಂ ಅಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಅಲ್ಲೇ ಕೊಡುತ್ತಾರೆ. ಒಳ್ಳೆಯ ಕೆಲಸ. ರಕ್ತಸ್ರಾವದ ಅಪಾಯವಿರುವ ಆ ಇಂಜೆಕ್ಷನ್ನನ್ನೇ ತಾಲ್ಲೂಕಿನಲ್ಲಿ ಕೊಡಬಹುದಾದರೆ, ರಕ್ತ ಸೋರುವುದನ್ನು ತಡೆಯುವ ಇಂಜೆಕ್ಷನ್‌ಗೆ ಏನಡ್ಡಿ? ಅದೇ ದಾರಿಯನ್ನು ಗಾಯಾಳುಗಳಿಗೂ ಮಾಡಿ. ಮಂಡ್ಯದ ಮಿಮ್ಸ್ ಮೆಡಿಕಲ್ ಕಾಲೇಜಿನಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಒಬ್ಬ ಅನಸ್ತೇಷಿಯಾ ಡಾಕ್ಟರು ಫೋನಿಗೆ ಸಿಗಲಿ. ಇತ್ತ ಕಡೆ ಸಿಸ್ಟರ್ ಟೂರ್ನಿಕೆಟ್ ಬಿಗಿಯಲಿ, ಬಾಯಿ ಸಕ್ಷನ್ ಮಾಡಿ ಉಸಿರಿನ ದಾರಿ ತೆರೆದಿಡಲಿ, ಇಂಜೆಕ್ಷನ್ ಕೊಡಲಿ, ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಲಿ, ಗಂಟೆ ಬರೆದು ಕಳಿಸಲಿ. ವರ್ಷಕ್ಕೊಮ್ಮೆ ಅವಳನ್ನು ಎರಡು ವಾರ ಮೆಡಿಕಲ್ ಕಾಲೇಜಿನ ಥಿಯೇಟರಿನಲ್ಲಿ ನಿಲ್ಲಿಸಿ. ಕೈಯಲ್ಲಿ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಹಿಡಿಯುವುದು ಪವರ್‌ಪಾಯಿಂಟ್ ನೋಡಿ ಬರುವ ವಿದ್ಯೆ ಅಲ್ಲ. 108ರ ಹುಡುಗರಿಗೂ ಇದೇ ಆಗಲಿ.

ಡಾಕ್ಟರುಗಳ ಸಂಘದಿಂದ ತಕರಾರು ಬರುತ್ತದೆ, ಬರಲಿ. ಆಪರೇಷನ್ನಿಗೆ ಅರಿವಳಿಕೆ ನರ್ಸ್ ಕೊಡಲಿ ಅಂತ ನಾನೇನೂ ಹೇಳುತ್ತಿಲ್ಲ. ಸಿಸೇರಿಯನ್‌ಗೆ ಅನಸ್ತೇಷಿಯಾದವರು ಸಿಗದಿದ್ದಾಗ ಎಂಬಿಬಿಎಸ್ ಡಾಕ್ಟರುಗಳಿಗೆ 18 ವಾರ ತರಬೇತಿ ಕೊಟ್ಟು ಆ ಕೆಲಸಕ್ಕೆ ಇಳಿಸಿದ್ದೂ ನಮ್ಮ ಸರ್ಕಾರಗಳೇ. ಆಗಲೂ ತಕರಾರು ಇತ್ತು.

ಇನ್ನು ರಕ್ತ. ಸೇನೆಯಲ್ಲಿ ಬಾಟಲಿ ಮುಗಿದರೆ ಸಾಲಾಗಿ ಬಂದು ಕೈ ಚಾಚುವ ಸೈನಿಕರಿರುತ್ತಾರೆ, ಯಾರ ಗುಂಪು ಯಾವುದು ಅಂತ ಮೊದಲೇ ಪಟ್ಟಿ ಇರುತ್ತದೆ. ಮಂಡ್ಯದವರೂ ರಕ್ತ ಕೊಡಲು ಹಿಂದೆ ಬೀಳುವವರಲ್ಲ. ಆದರೆ ಕೊಡುವುದು ನಿಮ್ಮಂಥ ನಾಯಕರ ಹುಟ್ಟುಹಬ್ಬಕ್ಕೆ, ಇಲ್ಲವೇ ನಟರ ಹುಟ್ಟುಹಬ್ಬಕ್ಕೆ, ಎಲ್ಲರೂ ಒಂದೇ ದಿನ. ಕೆಂಪು ರಕ್ತಕಣ ಫ್ರಿಜ್ಜಿನಲ್ಲಿಟ್ಟರೂ 35ರಿಂದ 42 ದಿನ ಅಷ್ಟೇ. ಅದು ಮುಗಿದ ಮೇಲೆ ಮತ್ತೆ ವಾಟ್ಸಾಪ್‌ನಲ್ಲಿ 'ಅರ್ಜೆಂಟ್ ಓ ನೆಗೆಟಿವ್'. ಬೇಜಾರು ಮಾಡಿಕೊಳ್ಳಬೇಡಿ ಸರ್, ಅಭಿಮಾನಿಗಳಿಗೆ ನೀವೇ ಒಂದು ಮಾತು ಹೇಳಿ: ಹೋಬಳಿಗೊಂದು ತಿಂಗಳು ಹಂಚಿಕೊಳ್ಳಲಿ.

ದುಡ್ಡಿನ ದಾರಿಯನ್ನು ಸರ್ಕಾರಗಳು ಆಗಲೇ ಮಾಡಿವೆ. ಅಪಘಾತವಾದವರಿಗೆ ಏಳು ದಿನಕ್ಕೆ 1.5 ಲಕ್ಷ ರೂಪಾಯಿ ತನಕ ನಗದಿಲ್ಲದ ಚಿಕಿತ್ಸೆ 2025ರ ಮೇನಲ್ಲಿ ಬಂದಿದೆ. ಎತ್ತಿಕೊಂಡು ಬಂದವರನ್ನು ಪೊಲೀಸರು ಅಲೆಸಬಾರದು ಅಂತ ನಮ್ಮ ರಾಜ್ಯದ್ದೇ ಕಾಯ್ದೆ ಇದೆ. ಎತ್ತಿಕೊಂಡು ಬರುವವರಿಗೂ ರಕ್ಷಣೆ ಸಿಕ್ಕಿತು, ಬಿಲ್ಲಿಗೂ ದಾರಿಯಾಯಿತು. ನಡುವೆ ನಿಂತ ಸಿಸ್ಟರಿಗೆ ಮಾತ್ರ ಒಂದು ಕಾಗದ ಬಂದಿಲ್ಲ.

ಇಡೀ ರಾಜ್ಯಕ್ಕೆ ಒಮ್ಮೆಲೇ ಬೇಡ. ಕಬ್ಬು ಅರೆಯುವ ಮುಂದಿನ ಹಂಗಾಮಿಗೆ ಮೊದಲು ಮದ್ದೂರು, ಶ್ರೀರಂಗಪಟ್ಟಣ ಎರಡೇ ತಾಲ್ಲೂಕಿನಲ್ಲಿ ಮಾಡಿ ನೋಡಿ. ಕಲಿಸಲು ನಾನು ಬರುತ್ತೇನೆ. ಈ ಜಿಲ್ಲೆಯಲ್ಲಿ ಸೇನೆಯಿಂದ ಬಂದ ನರ್ಸಿಂಗ್ ಅಸಿಸ್ಟೆಂಟ್‌ಗಳಿದ್ದಾರೆ, ಕರೆದರೆ ಅವರೂ ಬರುತ್ತಾರೆ. ಗೌರವಧನ ಬೇಡ, ಊಟದ ಡಬ್ಬಿ ಮನೆಯಿಂದಲೇ ತರುತ್ತೇವೆ. ಆದೇಶದ ಪ್ರತಿಯನ್ನು ಮಾತ್ರ ಎಮರ್ಜೆನ್ಸಿ ರೂಮಿನ ಗೋಡೆಗೆ ಅಂಟಿಸುವ ಹಾಗೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಕಳಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮಿಲಿಟರಿ ನರ್ಸ್
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ