ಕ್ಯೂಬಿಟ್ ಲೆಕ್ಕದ ಜೊತೆ ಆಂಪ್ಲಿಫೈಯರ್ ಸುದ್ದಿಯೂ ಬರಲಿ

ಮಾನ್ಯ ಸಂಪಾದಕರೇ,

ಕ್ವಾಂಟಂ ಕಂಪ್ಯೂಟರ್ ಬಗ್ಗೆ ನಿಮ್ಮಲ್ಲಿ ಬರುವ ಸುದ್ದಿಗಳನ್ನು ತಪ್ಪದೇ ಓದುತ್ತೇನೆ. ಎಷ್ಟು ಕ್ಯೂಬಿಟ್ (ಆ ಕಂಪ್ಯೂಟರಿನ ಲೆಕ್ಕದ ಮೂಲ ಘಟಕ) ಇದೆ ಅನ್ನೋದು ಪ್ರತಿ ಸಲ ಇರುತ್ತದೆ. ಅವು ಕೊಡುವ ಉತ್ತರವನ್ನು ಹೊರಗೆ ತರುವುದು ಹೇಗೆ ಅನ್ನೋದು ಮಾತ್ರ ಇರುವುದಿಲ್ಲ. ಟೆಲಿಫೋನ್ ಇಲಾಖೆಯ ಮೈಕ್ರೋವೇವ್ ಸ್ಟೇಷನ್‌ಗಳಲ್ಲಿ ದುಡಿದ ನನಗೆ ಅದೇ ದೊಡ್ಡ ವಿಷಯ.

ರಿಸೀವರ್ ರಿಪೇರಿ ಮಾಡಿದ ಯಾರನ್ನೇ ಕೇಳಿ, ಸಿಗ್ನಲ್ ಮೊದಲು ಸೇರುವ, ಅದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್ ಚೆನ್ನಾಗಿರಬೇಕು ಅಂತಾರೆ. ಅಲ್ಲಿ ನಾಯ್ಸ್ (ಬೇಡದ ಗದ್ದಲ) ಸೇರಿಕೊಂಡರೆ ಮುಂದಿನ ಹಂತಗಳು ಅದನ್ನೂ ದೊಡ್ಡದು ಮಾಡುತ್ತಾ ಹೋಗುತ್ತವೆ. ಸೂಪರ್‌ಕಂಡಕ್ಟರ್ (ಚೆನ್ನಾಗಿ ತಣಿಸಿದಾಗ ತಡೆಯಿಲ್ಲದೆ ಕರೆಂಟ್ ಹರಿಸುವ ವಸ್ತು) ಕ್ಯೂಬಿಟ್ ಓದುವಾಗ ಸಿಗುವುದು ಕೆಲವೇ ಫೋಟಾನ್‌ಗಳಷ್ಟು, ಅಂದರೆ ಶಕ್ತಿಯ ಅತಿ ಚಿಕ್ಕ ತುಣುಕುಗಳಷ್ಟು, ಮೈಕ್ರೋವೇವ್. ಅಂಥ ಒಂದು ಫೋಟಾನ್‌ನ ಶಕ್ತಿ ಕಣ್ಣಿಗೆ ಕಾಣುವ ಬೆಳಕಿನ ಫೋಟಾನ್‌ಗಿಂತ ಸುಮಾರು ಲಕ್ಷ ಪಟ್ಟು ಕಡಿಮೆ. ಕೋಣೆಯ ಬಿಸಿಯಲ್ಲಿ ಅದು ಮುಳುಗಿಯೇ ಹೋಗುತ್ತದೆ. ಅದಕ್ಕೇ ಚಿಪ್ಪನ್ನು ಸೊನ್ನೆ ಕೆಲ್ವಿನ್ (ಸುಮಾರು ಮೈನಸ್ 273 ಡಿಗ್ರಿ ಸೆಲ್ಸಿಯಸ್) ಹತ್ತಿರಕ್ಕೆ ತಣಿಸಿ ಇಡುತ್ತಾರೆ.

ಜಪಾನಿನ ಎನ್‌ಇಸಿ ಕಂಪನಿ ಮತ್ತು ರಿಕೆನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಒಂದೇ ಒಂದು ಕೃತಕ ಪರಮಾಣುವಿನಿಂದ ಮೈಕ್ರೋವೇವ್ ಸಿಗ್ನಲ್ ಹೆಚ್ಚಿಸಿ ತೋರಿಸಿದರು. ಒಲೆಗ್ ಅಸ್ತಾಫಿಯೆವ್, ಯಾಸುನೊಬು ನಕಾಮುರಾ ಆ ತಂಡದಲ್ಲಿದ್ದರು. ಆ ಕೃತಕ ಪರಮಾಣು ಅಂದರೆ ಚಿಪ್ ಮೇಲಿನ ಪುಟ್ಟ ಸೂಪರ್‌ಕಂಡಕ್ಟರ್ ಬಳೆ, ನಡುವೆ ಜೋಸೆಫ್‌ಸನ್ ಜಂಕ್ಷನ್‌ಗಳು (ಎರಡು ಸೂಪರ್‌ಕಂಡಕ್ಟರ್ ನಡುವಿನ ತೆಳು ತಡೆಗಳು). ನಿಜವಾದ ಪರಮಾಣುವಿನಂತೆ ಅದಕ್ಕೂ ಶಕ್ತಿಯ ಮೆಟ್ಟಿಲುಗಳಿವೆ. ಹೊರಗಿನಿಂದ ಪಂಪ್ ಮಾಡಿ ಅದನ್ನು ಮೇಲೆ ಏರಿಸಿಡುತ್ತಾರೆ. ಆಗ ಬಂದ ದುರ್ಬಲ ಸಿಗ್ನಲ್ ಅದನ್ನು ಕೆಳಗಿಳಿಸುತ್ತದೆ, ಇಳಿಯುವಾಗ ಬಿಟ್ಟ ಶಕ್ತಿ ಸಿಗ್ನಲ್‌ಗೇ ಸೇರುತ್ತದೆ.

1954ರಲ್ಲಿ ಚಾರ್ಲ್ಸ್ ಟೌನ್ಸ್ ಮೇಸರ್ (ಇದೇ ರೀತಿ ಮೈಕ್ರೋವೇವ್ ಹೆಚ್ಚಿಸುವ ಸಾಧನ) ಮಾಡಿದಾಗ ಇದಕ್ಕೆ ಅಮೋನಿಯಾ ಅಣುಗಳ ಹಿಂಡೇ ಬೇಕಾಗಿತ್ತು. ಇಲ್ಲಿ ಒಂದೇ ಸಾಕಾಯಿತು, ಯಾಕೆ? ಬಯಲಿನಲ್ಲಿ ಅಲೆ ಪರಮಾಣುವಿನ ಅಕ್ಕಪಕ್ಕ ತಪ್ಪಿಸಿಕೊಂಡು ಹೋಗುತ್ತದೆ. ಚಿಪ್ ಮೇಲೆ ಅದಕ್ಕೆ ಒಂದೇ ದಾರಿ, ಆ ದಾರಿಯಲ್ಲೇ ಪರಮಾಣು ಕೂತಿದೆ. ಎಷ್ಟು ಚೆಂದದ ಯೋಚನೆ ಅಲ್ವಾ! ಒಂದು ಪರಮಾಣು ಒಂದು ಸಲಕ್ಕೆ ಒಂದೇ ಫೋಟಾನ್ ಕೊಡಬಲ್ಲದು. ಹಾಗಾಗಿ ಸಿಗ್ನಲ್ ಸ್ವಲ್ಪ ಜೋರಾದರೂ ಅದು ಸೋಲುತ್ತದೆ. ಲ್ಯಾಬ್‌ಗಳಲ್ಲಿ ಈಗ ಜಾಸ್ತಿ ಬಳಸುವುದು ಅದೇ ಜಂಕ್ಷನ್‌ಗಳಿಂದ ಮಾಡಿದ ಇನ್ನೊಂದು ಬಗೆ, ಜೋಸೆಫ್‌ಸನ್ ಪ್ಯಾರಾಮೆಟ್ರಿಕ್ ಆಂಪ್ಲಿಫೈಯರ್. ಆದರೂ ಆಂಪ್ಲಿಫೈಯರನ್ನು ಎಷ್ಟು ಚಿಕ್ಕದು ಮಾಡಬಹುದು ಅನ್ನೋದಕ್ಕೆ ಈ ಪ್ರಯೋಗ ಉತ್ತರ ಕೊಟ್ಟಿತು.

ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 6,003.65 ಕೋಟಿ ರೂಪಾಯಿ ಮಂಜೂರು ಮಾಡಿತು. ಅದರ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಐಐಎಸ್‌ಸಿಯಲ್ಲೇ ಇದೆ. ಈ ಕೆಲಸಕ್ಕೆ ಪಿಎಚ್‌ಡಿ ಮಾಡಿದವರಷ್ಟೇ ಸಾಲದು. ಮೈಕ್ರೋವೇವ್ ಕೇಬಲ್ ಕೂರಿಸುವ, ನಾಯ್ಸ್ ಅಳೆಯುವ, ತಣಿಸುವ ಯಂತ್ರ ನೋಡಿಕೊಳ್ಳುವ ಕೈಗಳೂ ಬೇಕು. ನಮ್ಮ ಡಿಪ್ಲೊಮಾ ಮಕ್ಕಳಿಗೆ ಇಂಥ ಕೆಲಸ ಇದೆ ಅನ್ನೋದೇ ಗೊತ್ತಿಲ್ಲ. ದಯವಿಟ್ಟು ನಿಮ್ಮ ವರದಿಗಾರರನ್ನು ಅಂಥ ಲ್ಯಾಬ್‌ಗೆ ಕಳಿಸಿ. ಅಲ್ಲಿನ ತಂತ್ರಜ್ಞರನ್ನೂ ಮಾತಾಡಿಸಿ, ಏನು ಓದಿ ಅಲ್ಲಿಗೆ ಬಂದರು ಅಂತ ಬರೆಸಿ.

– ನಿವೃತ್ತ ದೂರಸಂಪರ್ಕ ತಂತ್ರಜ್ಞ, ಹಾಸನ