ಅರ್ಧಕ್ಕೆ ನಿಂತ ಮೂರು ಕಾದಂಬರಿಗಳ ಬಗ್ಗೆ, ತಮ್ಮನಿಗೆ

ಪ್ರೀತಿಯ ತಮ್ಮ,

ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ಉತ್ತರ ತಡವಾದದ್ದೇಕೆಂದು ಬೇರೆ ಯಾರಿಗಲ್ಲದಿದ್ದರೂ ನಿನಗೆ ಅರ್ಥವಾದೀತು. 31ನೆಯ ವಯಸ್ಸಿನಲ್ಲಿ ಮನೋವೈದ್ಯರು ನಿನಗೆ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಕೆಯ ತೊಂದರೆ) ಇದೆಯೆಂದು ಹೇಳಿದರೆಂದೂ, ಅರ್ಧಕ್ಕೆ ನಿಂತ ಮೂರು ಕಾದಂಬರಿಗಳನ್ನು ಈಗ ಏನು ಮಾಡಬೇಕೆಂದು ತೋಚುತ್ತಿಲ್ಲವೆಂದೂ ಬರೆದಿದ್ದೀಯ. ಅದೇ ಮಾತು ನನ್ನ ಕಿವಿಗೆ ಬಿದ್ದಾಗ ನನಗೆ 49.

ವೈದ್ಯರು ಬಾಲ್ಯವನ್ನೇ ಕೆದಕಿ ಕೇಳಿದ್ದು ನಿನಗೆ ವಿಚಿತ್ರವೆನಿಸಿದೆ. ಇದು ದೊಡ್ಡವರಾದ ಮೇಲೆ ಹೊಸದಾಗಿ ಬರುವ ತೊಂದರೆಯಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ 12 ವರ್ಷ ತುಂಬುವ ಮೊದಲೇ ಹಲವು ಲಕ್ಷಣಗಳು ಕಾಣಿಸಿಕೊಂಡಿರಬೇಕು (1994ರ ಆವೃತ್ತಿಯಲ್ಲಿ ಆ ಗಡಿ 7 ವರ್ಷವಿತ್ತು). 17 ತುಂಬಿದವರಲ್ಲಿ ಮಾತ್ರ 6ರ ಬದಲು 5 ಲಕ್ಷಣಗಳಿದ್ದರೆ ಸಾಕು. ಅಮ್ಮ ಟ್ರಂಕಿನಿಂದ ಹುಡುಕಿಕೊಟ್ಟ ನನ್ನ ಐದನೆಯ ತರಗತಿಯ ಪ್ರಗತಿಪತ್ರದಲ್ಲಿ ಕೆಂಪು ಶಾಯಿಯಲ್ಲಿ, "ಜಾಣೆ, ಆದರೆ ಸದಾ ಕಿಟಕಿಯ ಹೊರಗೆ ನೋಟ" ಎಂದಿತ್ತು. ಗದ್ದಲ ಮಾಡುವ ಹುಡುಗ ಮೇಷ್ಟ್ರ ಕಣ್ಣಿಗೆ ಬೀಳುತ್ತಾನೆ. ಕುಳಿತಲ್ಲೇ ಕಳೆದುಹೋಗುವ ಹುಡುಗಿಗೆ ಮರೆಗುಳಿ ಎಂಬ ಹೆಸರಷ್ಟೇ ಉಳಿಯುತ್ತದೆ.

ಆ ಸಾಲನ್ನು ಓದಿದ ಮೇಲೆ ನಾನು ಮಾಡಿದ ತಪ್ಪನ್ನು ನೀನು ಮಾಡಬಾರದೆಂದೇ ಇದನ್ನು ಬರೆಯುತ್ತಿದ್ದೇನೆ. ಎರಡು ವರ್ಷ ನಾನು ನನ್ನ ಇಡೀ ಬದುಕನ್ನು ಆ ನಾಲ್ಕು ಅಕ್ಷರಗಳ ಲೆಕ್ಕಕ್ಕೆ ಬರೆಯುತ್ತ ಕುಳಿತೆ. ಕಡಿದುಹೋದ ಸ್ನೇಹ, ಒಲೆಯ ಮೇಲೆ ಉಕ್ಕಿದ ಹಾಲು, ಸಂಪಾದಕರಿಗೆ ತಲುಪದ ಅಂಕಣ, ಎಲ್ಲಕ್ಕೂ ಒಂದೇ ಕಾರಣ. ಹಾಲಿಗೂ ಅಂಕಣಕ್ಕೂ ಅದು ನಿಜವೇ. ಆದರೆ ನನ್ನ ಎರಡನೆಯ ಕಾದಂಬರಿ ನಿಂತದ್ದು, ನಾಯಕಿಯ ಅತ್ತೆ ಹನ್ನೊಂದು ವರ್ಷ ಮಗನೊಡನೆ ಮಾತು ಬಿಟ್ಟದ್ದೇಕೆಂದು ನನಗೇ ತಿಳಿಯದಿದ್ದುದರಿಂದ. ಅದು ಕಥೆಯೊಳಗಿನ ದೋಷ. ಅದಕ್ಕೆ ವೈದ್ಯರ ಚೀಟಿಯಲ್ಲಿ ಪರಿಹಾರವಿರಲಿಲ್ಲ. ನಿನ್ನ ಮೂರು ಹಸ್ತಪ್ರತಿಗಳಲ್ಲಿ ನೀನು ಕೈಬಿಟ್ಟದ್ದು ಯಾವುದು, ತಾನಾಗಿಯೇ ಬತ್ತಿಹೋದದ್ದು ಯಾವುದು ಎಂಬುದನ್ನು ಮೊದಲು ಬೇರೆ ಮಾಡು.

ಮಾತ್ರೆಯ ವಿಷಯ ವೈದ್ಯರಿಗೆ ಬಿಟ್ಟದ್ದು. ಗಮನ ನಿಲ್ಲಲೆಂದು ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧ ನಮ್ಮಲ್ಲಿ ಮಾದಕ ವಸ್ತುಗಳ ಕಾಯ್ದೆಯಡಿ ಬರುವುದರಿಂದ ಎಲ್ಲ ಮೆಡಿಕಲ್ ಶಾಪ್‌ಗಳಲ್ಲೂ ಸಿಗುವುದಿಲ್ಲ. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, ನಿನ್ನ ಮುಖವನ್ನೂ ಒಮ್ಮೆ ನೋಡಿ ಕೊಡುತ್ತಾರೆ, ಬೇಸರಿಸಬೇಡ. ನನಗೆ ಅದರಿಂದ ಗಮನವೇನೋ ಬಂತು, ಆದರೆ ಅದು ಎತ್ತ ಹರಿಯಬೇಕೆಂದು ಮಾತ್ರೆ ಹೇಳಲಿಲ್ಲ. ಮೊದಲ ದಿನ ಮೂರು ಗಂಟೆ ಕಾಲ ಮಸಾಲೆ ಡಬ್ಬಿಗಳಿಗೆಲ್ಲ ಹೆಸರು ಬರೆದು ಅಂಟಿಸಿದೆ. ಅಕ್ಷರ ದುಂಡಗಿತ್ತು.

ಈಗ ಮಾತ್ರೆಯನ್ನು ನುಂಗುವ ಮೊದಲೇ ಹಸ್ತಪ್ರತಿಯನ್ನು ಮೇಜಿನ ಮೇಲೆ ತೆರೆದಿಡುತ್ತೇನೆ. ಪಕ್ಕದ ಮನೆಯ ಹುಡುಗಿ ಸಿಎ ಪರೀಕ್ಷೆಗೆ ಓದಲು ಬಂದು ಎದುರಿಗೆ ಕೂರುತ್ತಾಳೆ. ನಾವು ಮಾತನಾಡುವುದಿಲ್ಲ, ಆದರೂ ಅವಳು ಪುಟ ತಿರುವುವ ಸದ್ದಿಗೆ ನನ್ನ ಪೆನ್ನು ನಡೆಯುತ್ತದೆ. ಸಂಪಾದಕರಿಗೆ "ಈ ತಿಂಗಳು" ಎಂದು ಮಾತು ಕೊಡುವುದನ್ನು ಬಿಟ್ಟು "ಗುರುವಾರ ನಾಲ್ಕು ಗಂಟೆಗೆ" ಎನ್ನುತ್ತೇನೆ, ಏಕೆಂದರೆ ನನ್ನಂಥವರ ಪಾಲಿಗೆ ಇರುವುದು ಈಗ ಮತ್ತು ಆಮೇಲೆ ಎಂಬ ಎರಡೇ ಕಾಲಗಳು.

ಬತ್ತಿಲ್ಲವೆಂದು ನಿನಗನ್ನಿಸಿದ ಕಾದಂಬರಿಯ ಮೊದಲ ಮೂವತ್ತು ಪುಟಗಳನ್ನು ಕಳಿಸು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತೇನೆ. ನಾನು ಮರೆತರೆ ನೀನೇ ಮಾಡು.

ಇಂತು,
ನಿನ್ನ ಅಕ್ಕ